ಮೂವತ್ತು ಲೀಟರಿನ ಕಡಲು

‘ಉಪ್ಪುನೀರಿನ ಅಕ್ವೇರಿಯಂ ಚಿಕ್ಕದಿದ್ದಷ್ಟೂ ಸುಲಭ’ ಎಂಬ ಮಾತನ್ನು ನಂಬಿ, ದುದ್ದದ ಮನೆಯಲ್ಲಿ 30 ಲೀಟರಿನ ಕಡಲು ಕಟ್ಟಿದೆ. ಅದು ಸುಳ್ಳೆಂದು ತಿಳಿಯಲು ಒಂದು ಬೇಸಿಗೆ ಸಾಕಾಯಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರಬೇಕು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮೂರೇ ಲೀಟರ್ ಇಂಗಿದರೆ 39ರ ಹತ್ತಿರ. ದಿನವೂ ಸಿಹಿನೀರು ಸೇರಿಸಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ದೊಡ್ಡ ತೊಟ್ಟಿ ನಮ್ಮ ತಪ್ಪನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ; ಚಿಕ್ಕದು ತಾಳುವುದಿಲ್ಲ.

‘ಹವಳವಿಲ್ಲದಿದ್ದರೆ ಏನು ಚೆಂದ?’ ಎನ್ನುವವರಿದ್ದಾರೆ. ದಿಬ್ಬ ಕಟ್ಟುವ ಹವಳಗಳು 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿ ಸೇರಿವೆ, ಹುಲಿಯ ಸಾಲಿಗೆ. ನೋಡಲೇಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿಗೆ ಹೋಗಿ.

ನನ್ನ ತೊಟ್ಟಿ ಈಗ ಖಾಲಿ. ಕೇಳಿದವರಿಗೂ ಕೊಟ್ಟಿಲ್ಲ, ಅದರಲ್ಲಿ ಇನ್ನೊಂದು ಮೀನು ಸಾಯುವುದು ಬೇಡ.