ಎದುರುಮನೆ ದೊಡ್ಡಮ್ಮನ ಸರ

ಸೋದರಿಯರೇ, ಈ ಸಲ ಗೊಜ್ಜವಲಕ್ಕಿಯ ಬಗೆಗಳನ್ನು ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗಿರಲಿ. ಮನಸ್ಸಿನಲ್ಲಿ ಒಂದು ವಿಷಯ ಮುಳ್ಳಿನ ಹಾಗೆ ಕೂತಿದೆ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಒಗ್ಗರಣೆ ಹಾಕಲೂ ಕೈ ಬರುತ್ತಿಲ್ಲ.

ನಾವಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಹಳೇ ಬಡಾವಣೆ. ಮೂವತ್ತು-ನಲವತ್ತರ ಸೈಟಿನ ಮನೆಗಳು, ಸಾಲಾಗಿ ಹೊಂಗೆಮರ, ತಿರುವಿನಲ್ಲೊಂದು ಗಣಪತಿ ಗುಡಿ. “ನಮ್ಮ ಬೀದೀಲಿ ಅಂಥದ್ದೇನೂ ಆಗಲ್ಲ ಬಿಡ್ರೀ” ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದವರು ನಾವು.

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಎಂಟು ದಿನ ಇತ್ತು. ಬೆಳಿಗ್ಗೆ ಆರೂಕಾಲು. ಬಾಗಿಲಿಗೆ ನೀರು ಹಾಕಿ, ಬಗ್ಗಿ ರಂಗೋಲಿ ಎಳೆಯುತ್ತಿದ್ದೆ. ಒಂದು ಕಪ್ಪು ಬೈಕು ಬಂದು ನಿಂತಿತು, ಮೇಲೆ ಇಬ್ಬರು ಹುಡುಗರು. “ಆಂಟೀ, ಹದಿಮೂರನೇ ಕ್ರಾಸ್ ಯಾವ್ಕಡೆ?” ಅಂದ ಹಿಂದೆ ಕೂತವನು. ಕೆಂಪು ಹೆಲ್ಮೆಟ್ಟು. ನಾನು ತಲೆಯೆತ್ತಿ ಕೈ ತೋರಿಸುವಷ್ಟರಲ್ಲಿ ಅವನ ಕೈ ನನ್ನ ಕುತ್ತಿಗೆಗೆ ಬಂತು. ಚಳಿಯೆಂದು ಸ್ವೆಟರ್ ಹಾಕಿ ಮೇಲಿನ ಗುಂಡಿವರೆಗೂ ಬಿಗಿದಿದ್ದೆ, ಸರ ಅವನ ಬೆರಳಿಗೆ ಸಿಗಲಿಲ್ಲ. ಉಗುರು ಗೀರಿದ್ದಷ್ಟೇ. ಕೂಗೋಣವೆಂದರೆ ಬಾಯಿ ಬರಲಿಲ್ಲ. ರಂಗೋಲಿ ಬಟ್ಟಲು ಕೈಯಿಂದ ಬಿದ್ದು ಉರುಳಿದ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ.

ಒಳಗೆ ಬಂದು ನಮ್ಮವರಿಗೆ ಹೇಳಿದೆ. ನೀರು ಕೊಟ್ಟರು, ಗಾಯಕ್ಕೆ ಅರಿಶಿನ ಹಚ್ಚಿದರು. ಆಮೇಲೆ, “ಹೋಗಿದ್ದೇನೂ ಇಲ್ಲವಲ್ಲ. ಸ್ಟೇಷನ್ನು, ಕೋರ್ಟು ಅಂತ ಯಾಕೆ ಅಲೀತೀಯ? ಸುಮ್ಮನಿದ್ದುಬಿಡು” ಅಂದರು. ಅವರದ್ದು ಪೂರಾ ತಪ್ಪು ಅಂತ ನಾನು ಹೇಳಲಾರೆ. ಸುಮ್ಮನಿರುವುದು ನನಗೂ ಹಿತವಾಗಿಯೇ ಕಂಡಿತು. ಗೀರು ನೋಡಿ ಕೇಳಿದ ಅತ್ತೆಯವರಿಗೆ ಪಿನ್ನು ತಗುಲಿತು ಅಂತ ಸುಳ್ಳು ಹೇಳಿದೆ. ಬೀದಿಯವರಿಗೆ ಅದನ್ನೂ ಹೇಳಲಿಲ್ಲ.

ಹಬ್ಬದ ಸಂಜೆ ನಮ್ಮ ಮನೆಗೇ ಅರಿಶಿನ ಕುಂಕುಮಕ್ಕೆ ಬಂದಿದ್ದರು ಎದುರುಮನೆ ದೊಡ್ಡಮ್ಮ. ಎಪ್ಪತ್ತು ದಾಟಿದ ಜೀವ. ಒಂಬತ್ತುಗಜದ ರೇಷ್ಮೆ ಸೀರೆ, ಎರಡೆಳೆ ಮಾಂಗಲ್ಯದ ಸರ. ನಮ್ಮ ಗೇಟಿನಿಂದ ಅವರ ಗೇಟಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಅದರ ಮಧ್ಯದಲ್ಲೇ ಅದೇ ಬೈಕು, ಅದೇ ಕೆಂಪು ಹೆಲ್ಮೆಟ್ಟು. ಸರ ಹೋಯಿತು, ದೊಡ್ಡಮ್ಮ ಬಿದ್ದರು, ಬಲಗೈ ಮಣಿಕಟ್ಟು ಮುರಿಯಿತು. ನಾನು ಕೊಟ್ಟ ತಾಂಬೂಲ ರಸ್ತೆ ತುಂಬ ಚೆಲ್ಲಿತ್ತು.

ಯಾರೋ 112ಕ್ಕೆ ಫೋನ್ ಮಾಡಿದರು, ಹೊಯ್ಸಳ ಗಾಡಿ ಬಂತು. ಅಷ್ಟರಲ್ಲೇ ಬೀದಿಯ ಬಾಯಿ ಶುರುವಾಗಿತ್ತು: ಮೂರು ಮನೆ ಕೆಲಸ ಮಾಡುವ ಹೆಂಗಸೇ ಸುಳಿವು ಕೊಟ್ಟಿರಬೇಕು ಅಂತ. ಪಾಪ, ಅವಳು ದೊಡ್ಡಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತಿದ್ದಳು. ನಮಗೆ ಮೊದಲು ಕಾಣುವುದು ಬಡವರ ಕೈಯೇ ನೋಡಿ. ಪೊಲೀಸಿನವರು, “ಈ ಗಾಡಿನ ಮುಂಚೆ ಯಾರಾದ್ರೂ ನೋಡಿದೀರೇನಮ್ಮ?” ಅಂದರು. ನಮ್ಮವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೇಳಿಬಿಟ್ಟೆ.

“ಅವತ್ತೇ ಹೇಳಿದ್ರೆ ಬೀಟಿನವರನ್ನ ಈ ಕಡೆ ಹಾಕ್ತಿದ್ವಲ್ಲಮ್ಮ” ಅಂದರು ಅವರು, ಜೋರು ಮಾಡದೆ. ಬೈದಿದ್ದರೆ ಚೆನ್ನಾಗಿತ್ತು.

ನಾನು ಬಾಯಿ ಬಿಟ್ಟ ಮೇಲೆ ಒಬ್ಬೊಬ್ಬರದೇ ಹೊರಬಂತು. ಮೂಲೆಮನೆಯವರ ಹಿತ್ತಲಿನಿಂದ ತುಂಬಿದ ಗ್ಯಾಸ್ ಸಿಲಿಂಡರು ಹೋಗಿ ಎರಡು ತಿಂಗಳು. ಮಹಡಿ ಮನೆಯ ಹುಡುಗಿಯ ಕೈಯಿಂದ ಯಾರೋ ಮೊಬೈಲು ಕಿತ್ತುಕೊಂಡಿದ್ದರು, ಮದುವೆಗೆ ನೋಡುತ್ತಿರುವ ಮನೆ ಅಂತ ಅವರೂ ಮುಚ್ಚಿಟ್ಟಿದ್ದರು. ನನ್ನದೂ ಸೇರಿ ಬೀದಿಯಲ್ಲಿ ನಾಲ್ಕು. ಠಾಣೆಯ ಪುಸ್ತಕಕ್ಕೆ ಹೋದದ್ದು ಒಂದು.

ಡಿಗ್ರಿ ಓದುವ ಮಗನಿಗೆ ಇದನ್ನು ಹೇಳಿದರೆ, “ಅಮ್ಮಾ, ದೇಶದ ಲೆಕ್ಕಾನೂ ಹೀಗೇ” ಅಂದ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರು ವರದಿ ತರುತ್ತಾರಲ್ಲ, ಅದರಲ್ಲಿ ಅಪರಾಧದ ದರ ಎಂದರೆ ಒಂದು ಲಕ್ಷ ಜನಕ್ಕೆ ದಾಖಲಾದ ಕೇಸು ಎಷ್ಟು ಎಂಬುದು. ದಾಖಲಾಗದ್ದು ಅಲ್ಲಿ ಇಲ್ಲವೇ ಇಲ್ಲ. ಒಂದೇ ಕೇಸಿನಲ್ಲಿ ಕಳ್ಳತನವೂ ಕೊಲೆಯೂ ಇದ್ದರೆ ದೊಡ್ಡದನ್ನು, ಅಂದರೆ ಕೊಲೆಯನ್ನು, ಮಾತ್ರ ಎಣಿಸುತ್ತಾರೆ. ಇನ್ನೊಂದು ತಮಾಷೆ ಕೇಳಿ: 2022ರ ವರದಿಯಲ್ಲೂ ನಗರಗಳ ದರ ತೆಗೆದದ್ದು 2011ರ ಜನಗಣತಿಯ ತಲೆಲೆಕ್ಕದ ಮೇಲೆ. ಬೆಂಗಳೂರಿಗೆ ಅದು ಸುಮಾರು 85 ಲಕ್ಷ. ಆಮೇಲೆ ಬಂದು ಸೇರಿದವರೆಲ್ಲ ಎಲ್ಲಿ ಹೋದರೋ! ಅಪರಾಧ ಹೆಚ್ಚುವುದು ಬೇರೆ, ಅದನ್ನು ಬರೆದುಕೊಳ್ಳುವುದು ಹೆಚ್ಚುವುದು ಬೇರೆ ಅಂತ ಬ್ಯೂರೋದವರೇ ಎಚ್ಚರಿಸಿದ್ದಾರೆ. ಹಾಗಾಗಿ ಕೇಸು ಕಮ್ಮಿಯಿರುವ ಬಡಾವಣೆ ನೆಮ್ಮದಿಯ ಬಡಾವಣೆಯೋ, ಬಾಯಿ ಮುಚ್ಚಿಕೊಂಡ ಬಡಾವಣೆಯೋ ಅಂತ ಅಂಕಿ ನೋಡಿ ಹೇಳಲಾಗದು.

ನನಗೆ ಗೊತ್ತಿಲ್ಲದ್ದು ಇನ್ನೂ ಒಂದಿತ್ತು. ಮೈಮೇಲಿನ ಒಡವೆ ಕದಿಯಲು ಬಲವಂತವಾಗಿ ಕೈ ಹಾಕಿದರೆ ಸಾಕು, ಒಡವೆ ಹೋಗದಿದ್ದರೂ ಅದು ಅಪರಾಧವೇ. “ಹೋಗಿದ್ದೇನೂ ಇಲ್ಲವಲ್ಲ” ಅನ್ನುವ ಮಾತು ಕಾನೂನಿಗೆ ನಡೆಯುವುದಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲಿ ಹೀಗೆ ಕಿತ್ತುಕೊಂಡು ಓಡುವುದಕ್ಕೇ ಬೇರೆ ಕಲಮು ಇದೆ, ಮೂರು ವರ್ಷದವರೆಗೆ ಶಿಕ್ಷೆ. ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ಸರಹದ್ದಲ್ಲ ಅಂತ ಅಟ್ಟುವ ಹಾಗಿಲ್ಲ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ನಕಲನ್ನು ಬಿಟ್ಟಿಯಾಗಿಯೇ ಕೊಡಬೇಕು, ಕೇಳಿ ಇಸಿದುಕೊಳ್ಳಿ. ಬೀದಿಯ ಕ್ಯಾಮೆರಾ ನಂಬಿ ಕೂರಬೇಡಿ. ನಮ್ಮಲ್ಲಿ ಒಂದಕ್ಕೆ ಹೊಂಗೆಕೊಂಬೆ ಅಡ್ಡ, ಇನ್ನೊಂದು ಬರೀ ಬೊಂಬೆ.

ಮಾರನೇ ದಿನ ನಮ್ಮವರೇ ಸ್ಕೂಟರಿನಲ್ಲಿ ಠಾಣೆಗೆ ಕರೆದುಕೊಂಡು ಹೋದರು. ನನ್ನ ದೂರನ್ನೂ ಬರೆಸಿ ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಸರ ಇನ್ನೂ ಸಿಕ್ಕಿಲ್ಲ. ದೊಡ್ಡಮ್ಮ ಈಗ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡಿದ್ದಾರೆ, ಬಲಗೈಗೆ ಪಟ್ಟಿ. ಸಾರು ಕೊಡಲು ಹೋದಾಗ ಅವರ ಹತ್ತಿರ ಎಲ್ಲವನ್ನೂ ಹೇಳಿದೆ, ಮೊದಲು ನನಗೇ ಆಗಿತ್ತು ಅಂತ. ಬಹಳ ಹೊತ್ತು ಸುಮ್ಮನಿದ್ದರು. “ನಿನ್ನ ಕುತ್ತಿಗೆ ಗಾಯ ವಾಸಿಯಾಯ್ತೇನೇ?” ಅಂದರು.