ಹಿತ್ತಲ ಮರ

ಕಳೆದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಮಾಳಿಗೆಯ ಬಿರುಕು ಮುಚ್ಚಿಸುವ ವಿಷಯ ಬರೆದಿದ್ದೆವಷ್ಟೆ. ಅದನ್ನೋದಿದ ಮುಂಬಯಿಯ ಸೋದರಿಯೊಬ್ಬರು, ‘ಮಾಳಿಗೆಯ ಮೇಲೆಯೇ ಬಾಗಿ ನಿಂತ ಮರಕ್ಕೆ ಏನು ಮಾಡೋಣ?’ ಎಂದು ಕೇಳಿದ್ದಾರೆ. ಉತ್ತರ ಹೇಳಲು ನಮಗಿರುವ ಅರ್ಹತೆ ಇಷ್ಟೆ: ಕಳೆದ ವರ್ಷ ಪುಣೆಯ ನಮ್ಮ ಹಿತ್ತಲಲ್ಲಿ ಅಂಥದೊಂದು ಮರವನ್ನು ಕಡಿಸಿದೆವು, ಮೊದಲ ಸಲ ತಪ್ಪಾಗಿ ಕಡಿಸಹೊರಟು, ಎರಡನೆಯ ಸಲ ಸರಿಯಾಗಿ ಕಡಿಸಿದೆವು.

ಮರ ಗುಲ್‌ಮೊಹರ್. ಮಡಗಾಸ್ಕರದಿಂದ ಬಂದದ್ದು; ಆ ಲೆಕ್ಕದಲ್ಲಿ ನಮಗಿಂತಲೂ ದೂರದ ವಲಸೆಗಾರ. ಮೇ ತಿಂಗಳಲ್ಲಿ ಹಿತ್ತಲೆಲ್ಲ ಕೆಂಪಾಗುತ್ತಿತ್ತು. ಒಣಗಿದ ಕಾಯಿಗಳನ್ನು ಹಿಡಿದು ಮಕ್ಕಳು ಕತ್ತಿವರಸೆ ಆಡುತ್ತಿದ್ದರು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಅದಕ್ಕೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಬಂದಾಗ ಪುಣೆಯಲ್ಲಿಯೂ ಎಷ್ಟೋ ಮರಗಳು ಉರುಳಿದುವು. ನಮ್ಮದು ಉರುಳಲಿಲ್ಲ, ಪಕ್ಕದ ಮನೆಯ ಕಡೆಗೆ ತುಸು ವಾಲಿತು, ಅಷ್ಟೆ. ಉಳಿಯಿತಲ್ಲಾ ಎಂದು ಸಂತೋಷಪಟ್ಟು ಮರೆತುಬಿಟ್ಟೆವು.

ಬುಡದಲ್ಲಿ ಕಂದುಬಣ್ಣದ, ಅರಗು ಬಳಿದಂತೆ ಹೊಳೆಯುವ, ತಟ್ಟೆಯಾಕಾರದ ಗಟ್ಟಿ ಅಣಬೆಗಳು ಮೂಡಿದ್ದನ್ನು ಕಂಡಾಗಲೂ ನಮಗೆ ಚೆಂದವೇ ಎನಿಸಿತು. ಅವು ಗ್ಯಾನೊಡರ್ಮ ಎಂಬ ಜಾತಿಯವು; ಒಳಗೆ ಬೇರೂ ತಿರುಳೂ ಕೊಳೆತ ಮೇಲೆಯೇ ಹೊರಗೆ ಮುಖ ತೋರಿಸುವುದು ಅವುಗಳ ರೂಢಿ. ಎಲೆ ಹಸಿರಾಗಿದೆ, ಹೂ ಬಿಡುತ್ತಿದೆ, ಆದ್ದರಿಂದ ಮರ ಗಟ್ಟಿ ಎಂದುಕೊಳ್ಳುವುದು ತಪ್ಪು. ನೀರು ಏರುವುದು ತೊಗಟೆಯ ಒಳಮಗ್ಗುಲಿನ ಹೊಸ ಮರದಲ್ಲಿ. ಮರವನ್ನು ಎತ್ತಿ ನಿಲ್ಲಿಸುವುದು ಬೇರು ಮತ್ತು ದಿಂಡು. ಮೊದಲನೆಯದು ನೆಟ್ಟಗಿರುವಾಗಲೇ ಎರಡನೆಯದು ಟೊಳ್ಳಾಗಬಹುದು. ವಾಲಿದ ಕಡೆಗೆ ಎದುರಾದ ಬದಿಯಲ್ಲಿ ನೆಲ ಬಿರಿದು ಮೇಲೆದ್ದಿತ್ತು. ಅದು ಇನ್ನೂ ಕೆಟ್ಟ ಲಕ್ಷಣ. ಫೆಬ್ರವರಿಯ ಒಂದು ರಾತ್ರಿ, ಗಾಳಿಯೇ ಇಲ್ಲದಿರುವಾಗ, ತೊಡೆಗಾತ್ರದ ಕೊಂಬೆಯೊಂದು ಮುರಿದು ಪಕ್ಕದ ಮನೆಯ ಮಗುವಿನ ಜೋಕಾಲಿಯ ಮೇಲೆ ಬಿತ್ತು. ರಾತ್ರಿಯಾಗಿದ್ದುದೇ ಪುಣ್ಯ.

ನಮ್ಮ ಹಿತ್ತಲು, ನಮ್ಮ ಮರ, ನಮ್ಮ ಕೊಡಲಿ ಎಂದು ಹೊರಡುವ ಹಾಗಿಲ್ಲ. ಮಹಾರಾಷ್ಟ್ರದ ನಗರಗಳಲ್ಲಿ 1975ರಿಂದ ಮರಗಳ ರಕ್ಷಣೆಗೆಂದೇ ಕಾನೂನಿದೆ. ಖಾಸಗಿ ನೆಲದ ಮರಕ್ಕೂ ಪರವಾನಗಿ ಬೇಕು. ದಿಲ್ಲಿಯಲ್ಲಿ 1994ರ ಕಾನೂನು, ಹೈದರಾಬಾದಿನಲ್ಲಿ ನೀರು, ನೆಲ, ಮರಗಳಿಗೆ ಒಟ್ಟಾಗಿ 2002ರಲ್ಲಿ ಬಂದ ಕಾನೂನು. ನಾವು ಮಹಾನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿಯನ್ನೂ ನಾಲ್ಕು ದಿಕ್ಕಿನಿಂದ ತೆಗೆದ ಫೋಟೋಗಳನ್ನೂ ಕೊಟ್ಟೆವು. ನೋಡಲು ಬಂದವರು ಮರದ ಸುತ್ತಿಗೆಯಿಂದ ಬುಡವನ್ನು ಸುತ್ತಲೂ ಬಡಿದರು. ಒಂದು ಕಡೆ ‘ಟಕ್’ ಎಂದಿತು. ಇನ್ನೊಂದು ಕಡೆ ಖಾಲಿ ಡಬ್ಬಿ ಬಡಿದಂತೆ ಶಬ್ದ ಬಂತು. ಮರಕ್ಕೆ ನೋಟೀಸು ಅಂಟಿಸಿ ಹೋದರು. ಮರುದಿನವೇ ಬೀದಿಯ ನಿವೃತ್ತ ಮಹಾಶಯರೊಬ್ಬರು ಆಕ್ಷೇಪಣೆ ಹಿಡಿದು ಬಾಗಿಲಿಗೆ ಬಂದರು. ನಮಗೆ ಕೋಪ ಬಂದದ್ದು ನಿಜ. ಆದರೆ ಅಂಥವರು ಇರುವುದರಿಂದಲೇ ನಮ್ಮ ಬೀದಿಯಲ್ಲಿ ನೆರಳಿದೆ. ಅಣಬೆಯನ್ನು ನೋಡಿ, ತಾವೂ ಒಮ್ಮೆ ಬಡಿದು ನೋಡಿ, ಒಂದು ಲೋಟ ಕಾಫಿ ಕುಡಿದು ಕಾಗದವನ್ನು ಹಿಂದಕ್ಕೆ ಒಯ್ದರು.

ಪರವಾನಗಿ ಬಂದ ಮೇಲೆ ಗುತ್ತಿಗೆದಾರರನ್ನು ಕರೆದೆವು. ಮೂವರು ಬಂದರು. ಒಬ್ಬ 28,000 ಎಂದ, ಒಬ್ಬ 16,000, ಮೂರನೆಯವ 9,000, ಕಟ್ಟಿಗೆ ತನಗೇ ಎಂದ. ಮೊದಲನೆಯವ ಮರದ ಸುತ್ತ ಅರ್ಧ ಗಂಟೆ ಸುತ್ತಿ, ತಂತಿ ಎಲ್ಲಿದೆ, ಕೊಂಬೆ ಇಳಿಸಲು ಜಾಗ ಎಲ್ಲಿದೆ ಎಂದು ಕೇಳಿದ. ಮೂರನೆಯವ ಗೇಟಿನ ಬಳಿಯಿಂದಲೇ ಮರವನ್ನು ಒಮ್ಮೆ ನೋಡಿ, ‘ನಿಮ್ಮಂಥ ದೊಡ್ಡ ಮನಸ್ಸಿನವರ ಕೆಲಸ ಅರ್ಧ ದಿನದಲ್ಲಿ ಮುಗಿಸುತ್ತೇನೆ’ ಎಂದು ಮರ ಹತ್ತುವ ಮೊದಲೇ ನಮ್ಮನ್ನು ನುಗ್ಗೆಮರ ಹತ್ತಿಸಿದ. ನಾವು ಹತ್ತಿದೆವು. ಅಷ್ಟು ಸಾಲದೆಂದು ಬದನೆಕಾಯಿಯ ಚೌಕಾಸಿಯಂತೆ ಇನ್ನೂ ಒಂದು ಸಾವಿರ ಇಳಿಸಿ, ಮೂರು ಸಾವಿರ ಮುಂಗಡ ಕೊಟ್ಟು, ಒಳಗೆ ಬಂದು ಜಂಬ ಕೊಚ್ಚಿಕೊಂಡೆವು.

ಕೆಲಸದ ದಿನ ಇಬ್ಬರು ಬಂದರು. ಒಬ್ಬ ನಡುವಯಸ್ಸಿನವ, ಇನ್ನೊಬ್ಬನಿಗೆ ಇಪ್ಪತ್ತು ತುಂಬಿರಲಾರದು. ಹುಡುಗ ಬರಿಗಾಲಿನಲ್ಲಿ ಸರಸರನೆ ಏರಿದ. ಸೊಂಟಕ್ಕೆ ನಾರಿನ ಹಗ್ಗ. ನಾವು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿರುವಂತೆ ಮೇಲಿನಿಂದ ಕೂಗು ಬಂತು: ‘ಏ ಕಾಕಾ, ಹಗ್ಗ ಸಡ್ಲ ಬಿಡಬ್ಯಾಡೋ!’

ಕನ್ನಡ! ಹೊರಗೆ ಓಡಿ ಬಂದು, ‘ಯಾವೂರಪ್ಪಾ?’ ಎಂದೆವು. ‘ಸುರಪುರದ ಕಡೀಯಾವ್ರೀ’ ಎಂದು ಮೇಲಿನಿಂದಲೇ ನಕ್ಕ. ಆಗ ಕತ್ತೆತ್ತಿ ಸರಿಯಾಗಿ ನೋಡಿದೆವು. ಅವನ ಸೊಂಟದ ಹಗ್ಗವನ್ನು ಕಟ್ಟಿದ್ದು ಅವನು ಕಡಿಯಲಿದ್ದ ಅದೇ ಕೊಂಬೆಗೆ. ತಲೆಗೆ ಟೋಪಿಯಿಲ್ಲ. ಮಾರುದ್ದದ ಆಚೆಗೆ ವಿದ್ಯುತ್ ತಂತಿ. ಅದನ್ನು ಬಂದ್ ಮಾಡಿಸಿರಲಿಲ್ಲ. ಒಂದು ಅಡಿ ದಪ್ಪದ, ಹತ್ತು ಅಡಿ ಉದ್ದದ ಹಸಿ ಕೊಂಬೆ ಸುಮಾರು 200 ಕಿಲೋ ತೂಗುತ್ತದೆ. ಅದು ಬೀಳುವಾಗ ತನಗೆ ಕಟ್ಟಿಕೊಂಡವನನ್ನು ಬಿಟ್ಟು ಬೀಳುವುದಿಲ್ಲ.

ಸತ್ಯ ಹೇಳಬೇಕು. ಅವನು ಮರಾಠಿಯಲ್ಲೋ ಹಿಂದಿಯಲ್ಲೋ ಕೂಗಿದ್ದರೆ ನಾವು ಹೊರಗೆ ಬರುತ್ತಿದ್ದೆವೇ? ಕಿಟಕಿ ಮುಚ್ಚಿ ಒಗ್ಗರಣೆಗೆ ತಿರುಗುತ್ತಿದ್ದೆವೋ ಏನೋ. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಇಳಿಯಲು ಹೇಳಿದೆವು. ಗುತ್ತಿಗೆದಾರನಿಗೆ ಫೋನು ಹೋಯಿತು. ‘ಅವನಿಗೆ ಅಭ್ಯಾಸವಿದೆ, ನಿಮಗೇಕೆ ಚಿಂತೆ?’ ಎಂದ. ವಿಮೆಯ ಕಾಗದ ತೋರಿಸು ಎಂದರೆ ನಕ್ಕ. ನಾವು ಕರಾರು ಬರೆಸಿಕೊಂಡಿರಲಿಲ್ಲವಾದ್ದರಿಂದ ಮುಂಗಡ ಹೋದದ್ದು ಹೋಯಿತು. ಆಳುಗಳಿಬ್ಬರಿಗೂ ಆ ದಿನದ ಕೂಲಿಯನ್ನು ಕೈಗೇ ಕೊಟ್ಟು, ಮಜ್ಜಿಗೆ ಕೊಟ್ಟು ಕಳಿಸಿದೆವು.

ಅನಂತರ 28,000ದವನನ್ನೇ ಕರೆದು ಈ ಸಲ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಂಡೆವು: ಯಾವ ಮರ, ಎಷ್ಟು ದಿನ, ಕಟ್ಟಿಗೆ ಯಾರಿಗೆ, ಬುಡ ಅಗೆಯುವುದು ಸೇರಿದೆಯೋ ಇಲ್ಲವೋ, ಪಕ್ಕದವರ ಗೋಡೆ ಒಡೆದರೆ ಯಾರು ಕಟ್ಟಿಕೊಡಬೇಕು, ಆಳುಗಳ ವಿಮೆಯ ಪ್ರತಿ, ಅರ್ಧ ಹಣ ಕಸ ಸಾಗಿಸಿದ ಮೇಲೆ. ಅವನ ಜನ ಕೆಲಸ ಮಾಡಿದ ರೀತಿಯನ್ನು ನೋಡಲು ಬೀದಿಯೇ ನೆರೆದಿತ್ತು. ಮೊದಲು ವಿದ್ಯುತ್ ಕಂಪನಿಯವರಿಂದ ತಂತಿ ಬಂದ್ ಮಾಡಿಸಿದರು. ಹತ್ತಿದವನ ತೊಡೆ, ಸೊಂಟಗಳಿಗೆ ಪಟ್ಟಿ. ಎರಡು ಹಗ್ಗ, ಎರಡೂ ಗಟ್ಟಿ ದಿಂಡಿಗೆ, ಕಡಿಯುವ ಕೊಂಬೆಗಲ್ಲ. ಕೊಂಬೆಗೆ ಬೇರೆಯೇ ಹಗ್ಗ. ಅದನ್ನು ಮೇಲಿನ ಕವಲಿನ ಮೇಲೆ ಹಾಯಿಸಿ, ಕೆಳಗೆ ಬುಡದ ಗಟ್ಟಿ ಮಗ್ಗುಲಿಗೆ ನಾಲ್ಕು ಸುತ್ತು ಸುತ್ತಿದ್ದರು. ಆ ಸುತ್ತಿನ ತಿಕ್ಕಾಟದಿಂದ ಒಬ್ಬನೇ ಮನುಷ್ಯ ಅಷ್ಟು ಭಾರವನ್ನು ಬಾವಿಗೆ ಕೊಡ ಇಳಿಬಿಟ್ಟಂತೆ ಮೆಲ್ಲನೆ ಇಳಿಸಿದ. ಕೊಂಬೆಗೆ ಮೊದಲು ಕೆಳಗಿನಿಂದ ಅರೆಗಾಯ, ಆಮೇಲೆ ಮೇಲಿನಿಂದ ಗರಗಸ. ಇಲ್ಲವಾದರೆ ತೊಗಟೆ ಸೀಳಿಕೊಂಡು ಕೊಂಬೆ ಬೇಕಾದ ಕಡೆಗೆ ಬೀಳದು. ದೊಡ್ಡ ಕೊಂಬೆಗಳು ಮೊದಲ ದಿನ, ದಿಂಡು ಎರಡನೆಯ ದಿನ. ಕೊನೆಯ ತುಂಡು ಉರುಳಿದಾಗ ನೋಡಿದರೆ ಬುಡದೊಳಗೆ ಮೊಣಕೈವರೆಗೆ ತೋಳು ಹೋಗುವಷ್ಟು ಟೊಳ್ಳು. ಅದರ ತುಂಬ ಕಪ್ಪು ಪುಡಿ ಮತ್ತು ಇರುವೆ. ಆ ನಿವೃತ್ತ ಮಹಾಶಯರು ಅದರಲ್ಲಿ ತಮ್ಮ ಛತ್ರಿಯನ್ನು ಇಳಿಬಿಟ್ಟು ಅಳೆದರು.

ಕಡಿದ ಮರದ ಅಂದಾಜು ವಯಸ್ಸಿನಷ್ಟೇ ಸಂಖ್ಯೆಯ ಗಿಡಗಳನ್ನು ನೆಡಬೇಕೆಂದು ಮಹಾರಾಷ್ಟ್ರದ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾಗಿದೆ. ಐವತ್ತು ವರ್ಷ ದಾಟಿದ ಮರವಾದರೆ ಪಾರಂಪರಿಕ ಮರವೆನಿಸಿ ವಿಚಾರಣೆ ಇನ್ನೂ ಬಿಗಿ. ನಮ್ಮದು ಮೂವತ್ತರ ಆಸುಪಾಸಿನದು. ಹಿತ್ತಲಲ್ಲಿ ಹಿಡಿಸಿದ್ದು ಒಂದು ಬೇವು, ಒಂದು ಕರಿಬೇವು. ಉಳಿದುವಕ್ಕೆ ಬೇರೆ ಜಾಗ ತೋರಿಸಿದರು. ಹಳೆಯ ಬುಡದ ಗುಂಡಿಯಲ್ಲಿ ಮಾತ್ರ ಏನನ್ನೂ ನೆಟ್ಟಿಲ್ಲ. ಆ ಅಣಬೆ ಮಣ್ಣಿನಲ್ಲುಳಿದ ಬೇರಿನ ಚೂರುಗಳಲ್ಲಿ ಬಹುಕಾಲ ಬದುಕಿರುತ್ತದೆ.

ಈಗ ಮಧ್ಯಾಹ್ನದ ಬಿಸಿಲು ನೇರವಾಗಿ ಅಡಿಗೆಮನೆಯ ಗೋಡೆಗೆ ಬಡಿಯುತ್ತದೆ. ಬಟ್ಟೆ ಹಗ್ಗಕ್ಕೆ ಕಬ್ಬಿಣದ ಕಂಬ ಹಾಕಿಸಿದ್ದೇವೆ. ಸುರಪುರದ ಆ ಹುಡುಗ ಮಜ್ಜಿಗೆ ಕುಡಿದು ಲೋಟವನ್ನು ತಾನೇ ತೊಳೆದಿಟ್ಟು, ‘ಬರ್ತೀನ್ರೀ ಅಕ್ಕಾ’ ಎಂದು ಹೇಳಿ ಹೋದ. ಗೇಟಿನಾಚೆ ಗುತ್ತಿಗೆದಾರನ ಟೆಂಪೋ ಕಾಯುತ್ತಿತ್ತು. ಬೇರೊಂದು ಬಡಾವಣೆಯಲ್ಲಿ ಅದೇ ಮಧ್ಯಾಹ್ನ ಇನ್ನೊಂದು ಮರವಿದೆಯೆಂದು ಅವನ ಕಾಕಾ ಹೇಳುತ್ತಿದ್ದ. ಅವನ ಹೆಸರನ್ನು ಕೇಳಲು ನಾವು ಮರೆತೆವು.