ಇದು ದೆವ್ವದ ಕಾಟವಲ್ಲ, ದುಡಿಮೆಯ ಪೆಟ್ಟು

ಮತ್ತಿಕೆರೆಯ ಮಹಡಿಗಳನ್ನು ಎತ್ತಿ ನಿಲ್ಲಿಸಿದವರು ಯಾರು? ರಾಯಚೂರು, ಯಾದಗಿರಿ, ಪಾವಗಡದ ಕಡೆಯಿಂದ ಗಂಟುಮೂಟೆ ಹೊತ್ತು ಬಂದ ನಮ್ಮ ಜನ. ಸಾರುವೆಯಿಂದ ಬಿದ್ದವನು ನಮ್ಮವನೇ. ಬಿ.ಇ.ಎಲ್. ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಓಡುವಾಗ ಬೈಕಿನಿಂದ ಉರುಳಿದ ಹುಡುಗನೂ ನಮ್ಮವನೇ. ತಲೆಗೆ ಹೊಲಿಗೆ ಬೀಳುತ್ತೆ. ಮೇಸ್ತ್ರಿ ಒಂದಷ್ಟು ನೋಟು ತುರುಕಿ "ಊರಿಗೋಗಪ್ಪ, ವಾಸಿ ಮಾಡ್ಕೊಂಡು ಬಾ" ಅಂತಾನೆ. ಗಾಯ ಒಣಗುತ್ತೆ. ಧಣಿಯ ಲೆಕ್ಕ ಚುಕ್ತಾ.

ಆದರೆ ಮಿದುಳಿನ ಲೆಕ್ಕ ಮುಗಿದಿರುವುದಿಲ್ಲ. ಪೆಟ್ಟು ಬಿದ್ದ ಕಡೆ ಕಲೆ ಉಳಿಯುತ್ತದೆ. ಅದರ ಸುತ್ತಲಿನ ನರಕೋಶಗಳಲ್ಲಿ ವಿದ್ಯುತ್ತು ಹದ್ದು ಮೀರಿ ಹರಿಯತೊಡಗುತ್ತದೆ. ತಿಂಗಳುಗಳ ಮೇಲೆ, ಎಷ್ಟೋ ಸಲ ವರ್ಷಗಳ ಮೇಲೆ, ಫಿಟ್ಸು ಬಂದು ಮನುಷ್ಯ ಕೆಡೆದು ಬೀಳುತ್ತಾನೆ. ತಲೆಗೆ ಪೆಟ್ಟು ತಿಂದ 4,541 ಜನರನ್ನು ಕುರಿತ ಅಮೆರಿಕದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ತೀವ್ರ ಪೆಟ್ಟಾದವರಲ್ಲಿ ಐದು ವರ್ಷದೊಳಗೆ ನೂರಕ್ಕೆ 10, ಮೂವತ್ತು ವರ್ಷದೊಳಗೆ ನೂರಕ್ಕೆ ಸುಮಾರು 17 ಜನರಿಗೆ ಫಿಟ್ಸು ಬರುವುದೆಂದು ಅದು ಲೆಕ್ಕ ಹಾಕಿತು. ಮೊದಲ ವಾರದ ಮಾತ್ರೆ ಆ ವಾರದ ಫಿಟ್ಸು ತಡೆದೀತು, ವರ್ಷಗಳಾಚೆಯದನ್ನು ತಡೆಯದು.

ಅಷ್ಟು ಹೊತ್ತಿಗೆ ಅವನು ಊರು ಸೇರಿರುತ್ತಾನೆ. ಊರು ಏನನ್ನುತ್ತೆ? "ದೆವ್ವ ಮೆಟ್ಕೊಂಡೈತೆ" ಅನ್ನುತ್ತೆ. ಮೂಗಿಗೆ ಚಪ್ಪಲಿ ಹಿಡಿಯುತ್ತೆ. ಚಪ್ಪಲಿ ಹೊಲಿದವನನ್ನು ಊರಾಚೆ ಇಟ್ಟವರಿಗೆ ಈಗ ಅವನ ಚಪ್ಪಲಿಯೇ ಔಷಧಿ! ಶಾಸ್ತ್ರದವರು ಈ ಕಾಯಿಲೆಗೆ ಅಪಸ್ಮಾರ ಎಂದು ಹೆಸರಿಟ್ಟರು. ನಟರಾಜನ ಕಾಲಡಿ ಬಿದ್ದಿರುವ ಕುಳ್ಳನ ಹೆಸರೂ ಅದೇ. ತುಳಿಸಿಕೊಂಡವನೇ ಪಾಪಿ ಎನ್ನುವ ಈ ನ್ಯಾಯ ನಮಗೆ ಹೊಸದಲ್ಲ.

ಕಾನೂನು ಇದಕ್ಕಿಂತ ಬುದ್ಧಿವಂತವೇ? ರಸ್ತೆ ಅಪಘಾತದ ಪರಿಹಾರಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಿತು 2019ರ ಮೋಟಾರು ವಾಹನ ತಿದ್ದುಪಡಿ. ಆ ಗಡುವು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ತಡವಾಯಿತೆಂದು ಅರ್ಜಿ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಡಬೇಕಾಯಿತು. ಮೂರನೆಯ ವರ್ಷ ಬರುವ ಫಿಟ್ಸು ಆರನೆಯ ತಿಂಗಳ ಗಡುವನ್ನು ಓದಿಕೊಂಡು ಬರುತ್ತದೆಯೇ? ಕೂಲಿಯವನ ಹೆಸರೇ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ, ಬಿದ್ದದ್ದು ಎಲ್ಲಿ ಎಂದು ಸಾಬೀತು ಮಾಡುವುದಾದರೂ ಹೇಗೆ?

ನಿಮ್ಹಾನ್ಸ್ 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ ಲಕ್ಷ ಜನರ ಸಮೀಕ್ಷೆ ಮಾಡಿತು. ಎಲ್ಲ ಬಗೆಯ ಮೂರ್ಛೆ ರೋಗವೂ ಸೇರಿ, ಹಳ್ಳಿಗಳಲ್ಲಿ ಅದು ನಗರದ ಎರಡು ಪಟ್ಟು ಇತ್ತು. ತಜ್ಞರು ಮಾತ್ರ ನಗರದಲ್ಲೇ ಇದ್ದಾರೆ. ಸರಿಯಾಗಿ ಮಾತ್ರೆ ಸಿಕ್ಕರೆ ಮೂರ್ಛೆ ರೋಗಿಗಳಲ್ಲಿ ನೂರಕ್ಕೆ 70ರವರೆಗೆ ಫಿಟ್ಸಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫಿನೋಬಾರ್ಬಿಟಾಲಿನಂಥ ಹಳೆಯ ಮಾತ್ರೆ ಅಗ್ಗವಾದದ್ದು. ಅದು ನಡುವೆ ನಿಂತುಹೋದರೆ ಫಿಟ್ಸು ಇನ್ನೂ ಜೋರಾಗಿ ಬರಬಹುದು.

ಆದ್ದರಿಂದ ನಾವು ಭಿಕ್ಷೆ ಕೇಳುತ್ತಿಲ್ಲ. ತಲೆಗೆ ಪೆಟ್ಟಾದ ಪ್ರತಿಯೊಬ್ಬನ ಚೀಟಿಯಲ್ಲೂ "ಮುಂದೆ ಫಿಟ್ಸು ಬರಬಹುದು" ಎಂದು ಕನ್ನಡದಲ್ಲಿ ಬರೆಯಿರಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಒಂದು ದಿನವೂ ಮುಗಿಯಕೂಡದು. ಪರಿಹಾರದ ಗಡುವು ಪೆಟ್ಟು ಬಿದ್ದ ದಿನದಿಂದಲ್ಲ, ರೋಗ ಗೊತ್ತಾದ ದಿನದಿಂದ ಎಣಿಸಿರಿ.

ಮೇಷ್ಟ್ರೇ, ಗೆಳೆಯರೇ, ಸರ್ಕಾರ ಕೇಳುವ ತನಕ ನಾವು ಕೂರಬೇಕಿಲ್ಲ. ಫಿಟ್ಸು ಬಂದವನನ್ನು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಕೊಡಬೇಡಿ, ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಎಚ್ಚರವಾದ ಮೇಲೆ, ಹಿಂದೆ ಯಾವಾಗ, ಯಾರ ಕೆಲಸದಲ್ಲಿ ಬಿದ್ದೆ ಎಂದು ಕೇಳಿ ಬರೆದಿಡಿ.